ಮಗ್ಗದ ಮನೆಯ ಇಂಗ್ಲಿಷ್

ನಿಮ್ಮಲ್ಲಿ ಮಾತ್ರ ಹೇಳಿಕೊಳ್ಳುತ್ತೇನೆ. ಆಯುಷ್ಯವೆಲ್ಲ ಇಂಗ್ಲಿಷ್ ಮೇಷ್ಟ್ರಾಗಿದ್ದವನು ನಾನು. ಪಾಠ ಮಾಡಿದ್ದೆಲ್ಲ ಕನ್ನಡದಲ್ಲಿ. ತೂಬಗೆರೆ ಕಡೆಯ ರಾಗಿ ಹೊಲದಿಂದ ಬಂದ ನನಗೆ ಇಂಗ್ಲಿಷ್ ವಾಕ್ಯವೊಂದು ಬಾಯಿಗೆ ಬರಬೇಕಾದರೆ ಮೊದಲು ಅದು ಕನ್ನಡದಲ್ಲಿ ಹುಟ್ಟಬೇಕು. ಒಂದು ಭಾಷೆ ಕಲಿಯುವಾಗ ಇನ್ನೊಂದು ಅಡ್ಡ ಬರುತ್ತದೋ, ಕೈ ಹಿಡಿಯುತ್ತದೋ? ಟ್ರೈನಿಂಗ್ ಕಾಲೇಜಿನಲ್ಲಿ ಅಡ್ಡ ಬರುತ್ತದೆ ಎಂದು ಬರೆದು ಪಾಸಾದೆ. ಕೈ ಹಿಡಿಯುತ್ತದೆ ಎಂದು ಬರೆದ ಗೆಳೆಯನೂ ಪಾಸಾದ.

ತೊಂಬತ್ತರ ದಶಕದ ಶುರುವಿನಲ್ಲಿ ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ಬಂದ ಮೇಲೆ ಗೊಂದಲ ಇನ್ನೂ ಹೆಚ್ಚಿತು. ನೇಕಾರರ ಮನೆಗಳಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೋಲಿಯಾಟಕ್ಕೆ ಉರ್ದು. ಎಂಟನೇ ಕ್ಲಾಸಿನ ರತ್ನ ಕನ್ನಡ ಪದ್ಯವನ್ನು ಹೆಂಚು ಹಾರುವಂತೆ ಓದುತ್ತಿದ್ದಳು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಮಾತ್ರ ಎದ್ದು ನಿಲ್ಲುವಳು, ದನಿಯೇ ಇಲ್ಲ. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಸ್ವಲ್ಪ ಹೊತ್ತು ಕಾದು, "ಕೂತ್ಕೊಳ್ಳಮ್ಮ" ಎನ್ನುತ್ತಿದ್ದೆ. ಮೌಖಿಕ ಪರೀಕ್ಷೆಯಲ್ಲೂ ಅಷ್ಟೇ. ಅಂಕಪಟ್ಟಿಯಿಂದ ತಲೆಯೆತ್ತದೆ ಕೇಳಿದೆ, ಏನೂ ಕೇಳಿಸಲಿಲ್ಲ, ಸೊನ್ನೆ ಹಾಕಿದೆ.

ಮಾರನೇ ದಿನವೇ ಅವಳ ತಂದೆ ರಂಗಪ್ಪ ಬಂದು ನಿಂತರು. "ಓದು ತಲೆಗೆ ಹತ್ತಲ್ಲ ಅಂದ್ರೆ ಬಿಡಿಸ್ಬಿಡ್ತೀನಿ ಸಾ. ಮನೇಲಿ ನೂಲು ಸುತ್ತೋಕೂ ಜನ ಇಲ್ಲ."

ನಾನು ಬರೆದ ಒಂದು ಸೊನ್ನೆಗೆ ಇಷ್ಟು ಬಲವಿದೆ ಎಂದು ಗೊತ್ತಿರಲಿಲ್ಲ. "ಭಾನುವಾರ ನಿಮ್ಮನೆಗೆ ಬರ್ತೀನಿ, ಅಲ್ಲೀತನಕ ಬಿಡಿಸ್ಬೇಡಿ" ಎಂದೆ.

ಮನೆಯೆಂದರೆ ನಾಲ್ಕು ಪವರ್‌ಲೂಮು, ಮಿಕ್ಕ ಜಾಗದಲ್ಲಿ ಸಂಸಾರ. ಆ ಸದ್ದಿನಲ್ಲಿ ನನ್ನ ನಮಸ್ಕಾರ ನನಗೇ ಕೇಳಿಸಲಿಲ್ಲ. ರಂಗಪ್ಪ ಮಗ್ಗದ ಆಚೆಯಿಂದ ಬರೀ ತುಟಿ ಆಡಿಸಿದರು. ಅವರ ಹೆಂಡತಿ ತುಟಿಯಲ್ಲೇ ಉತ್ತರ ಕೊಟ್ಟು ನನಗೆ ಕಾಫಿ ತಂದರು. ಅಜ್ಜಿ ತುಟಿಯಲ್ಲೇ ಯಾರನ್ನೋ ಬೈದರು, ನನ್ನನ್ನೇ ಇರಬೇಕು. ಯಾರೂ ಗಂಟಲು ಖರ್ಚು ಮಾಡುತ್ತಿರಲಿಲ್ಲ. ಅದು ತೆಲುಗೋ ಕನ್ನಡವೋ ಎಂದು ತಿಳಿಯದೆ ನಾನೊಬ್ಬನೇ ಅರಚುತ್ತಿದ್ದೆ. ಗೋಡೆಗೊರಗಿ ಕೂತ ರತ್ನ ಇಂಗ್ಲಿಷ್ ಪುಸ್ತಕ ಹಿಡಿದಿದ್ದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ನಿಂತವು. ರತ್ನ ಮಾತ್ರ ನಿಲ್ಲಲಿಲ್ಲ. ಆ ನಿಶ್ಶಬ್ದದಲ್ಲೂ ಅವಳ ತುಟಿಗಳು ಅಗಲವಾಗಿ ತೆರೆದುಕೊಳ್ಳುತ್ತಾ, ದನಿಯಿಲ್ಲದೆ ಪಾಠದ ಸಾಲುಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದವು. ತೆಲುಗು ಅವಳಿಗೆ ಅಜ್ಜಿಯ ಮಡಿಲಲ್ಲಿ ಬಂದದ್ದು, ಕನ್ನಡ ಬೀದಿಯಲ್ಲಿ. ಇಂಗ್ಲಿಷನ್ನು ಕಲಿತದ್ದೆಲ್ಲ ಈ ಮಗ್ಗದ ಪಕ್ಕದಲ್ಲಿ. ಆ ಭಾಷೆಗೆ ದನಿ ಹಚ್ಚುವ ಅಭ್ಯಾಸವೇ ಅವಳಿಗೆ ಆಗಿರಲಿಲ್ಲ.

"ದಿನಾ ಹಿಂಗೇ ಹೇಳ್ತಾಳಲ್ಲ ಸಾ," ಎಂದರು ರಂಗಪ್ಪ. "ಕ್ಲಾಸಲ್ಲಿ ನಿಮ್ಗೆ ಕಾಣಿಸ್ಲಿಲ್ವಾ?"

ನಾಚಿಕೆಯಾಯಿತು. ಕಿವಿ ಇದ್ದರೆ ಸಾಕು ಮೇಷ್ಟ್ರಾಗಬಹುದು ಎಂದುಕೊಂಡಿದ್ದೆ.

ಸೋಮವಾರ ಅವಳನ್ನು ಕರೆದು, ಮುಖ ನೋಡುತ್ತಾ ಮತ್ತೆ ಪರೀಕ್ಷೆ ಮಾಡಿದೆ. ಪ್ರತಿ ಪ್ರಶ್ನೆಗೂ ತುಟಿಗಳು ತಡೆಯಿಲ್ಲದೆ ಆಡಿದವು. ನನಗೆ ಅರ್ಥವಾದದ್ದು ಅರ್ಧ. ಇನ್ನರ್ಧ ಸರಿಯೋ ತಪ್ಪೋ, ಇಂಗ್ಲಿಷೋ ಅಲ್ಲವೋ, ದೇವರೇ ಬಲ್ಲ. ಅಂಕಪಟ್ಟಿ ತೆಗೆದು ಪೆನ್ನು ಹಿಡಿದೆ. ಅರ್ಥವಾಗದ ಅರ್ಧಕ್ಕೆ ಅಂಕ ಕಳೆಯುವುದಾದರೆ ನನ್ನದನ್ನೇ ಕಳೆಯಬೇಕು. ಅವಳಿಗೆ ಪೂರ್ತಿ ಹಾಕಿದೆ.