ಅಕ್ಕನಿಗೆ ಪೇಟೆ ತೋರಿಸಿದ ದಿನ

ತೊಂಬತ್ತರ ದಶಕದಲ್ಲಿ ನಾನು ಶಿರಸಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಏಳನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಅದೇ ದೊಡ್ಡ ನೌಕರಿ. ಯಲ್ಲಾಪುರದ ಕಡೆ ಮದುವೆಯಾಗಿದ್ದ ಅಕ್ಕ ವರ್ಷಕ್ಕೊಮ್ಮೆ ಪೇಟೆ ತಿರುಗಲು ಬರುತ್ತಿದ್ದಳು. ಆ ದಿನ ನನಗೂ ರಜೆ, ಇಸ್ತ್ರಿ ಮಾಡಿದ ಅಂಗಿ.

ಒಂದು ವರ್ಷ, ನಾನಿನ್ನೂ ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದಾಗ ಅಂಗಡಿಯ ಸಾಹುಕಾರರು ಕರೆದರು.

"ನಿನ್ನ ಭಾವನ ಫೋನ್ ಬಂದಿತ್ತೋ. ಅವರ ಚಿಕ್ಕಮ್ಮ ಬೆಳಿಗ್ಗೆ ತೀರಿಕೊಂಡರಂತೆ. ಅಕ್ಕನ್ನ ಹಾಗೇ ವಾಪಸ್ ಬಸ್ ಹತ್ತಿಸಬೇಕಂತೆ."

ಅಕ್ಕ ಆ ಮುದುಕಿಯನ್ನು ಚಿಕ್ಕತ್ತೆ ಎನ್ನುತ್ತಿದ್ದಳು. ಗಂಡನ ಮನೆಯಲ್ಲಿ ಅವಳ ಪರ ಮಾತಾಡುತ್ತಿದ್ದ ಒಂದೇ ಜೀವ ಅದು. ದೋಸೆ ತಿಂದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಬಸ್ ಇಳಿದವಳೇ ಅಕ್ಕ, "ತಮಾ, ಮೊದ್ಲು ದೇವಸ್ಥಾನಕ್ಕೆ ಹೋಗ್ಬಪ್ಪನ" ಎಂದಳು.

ಅವಳಿಗೆ ಸೂತಕ. ಹೋಟೆಲಿಗೆ ಕರೆದೊಯ್ಯುವ ಧೈರ್ಯವಿತ್ತು, ದೇವಿಯ ಎದುರು ನಿಲ್ಲಿಸುವ ಧೈರ್ಯವಿರಲಿಲ್ಲ.

"ಎಂಗೆ ಹಸಿವೆ ಅಕ್ಕಾ. ಮೊದ್ಲು ದೋಸೆ."

"ದೇವಿ ಎದುರಿಗೂ ದೋಸೆನೇ ಕೇಳಂವ ನೀನು" ಎಂದು ನಕ್ಕಳು.

ಮಸಾಲೆ ದೋಸೆಯ ಗರಿಗರಿ ಅಂಚನ್ನೆಲ್ಲ ಮೊದಲು ಮುರಿದು ತಿಂದು, ಪಲ್ಯವನ್ನು ಕೊನೆಗೆ ಉಳಿಸಿಕೊಂಡಳು. ನಾನು ಹೇಳಲಿಲ್ಲ. ಬಳೆ ಅಂಗಡಿಯಲ್ಲಿ ಹೇಳಲಿಲ್ಲ. ಮ್ಯಾಟಿನಿ ಸಿನಿಮಾದ ಕತ್ತಲೆಯಲ್ಲಿ ಅವಳು ನಗುತ್ತಿದ್ದಾಗ ಹೇಗೆ ಹೇಳಲಿ? ಆಮೇಲೆ ಬಗೆಬಗೆಯ ಹಣ್ಣು ತುಂಬಿದ ಗಡ್‌ಬಡ್ ಐಸ್‌ಕ್ರೀಂ. ಉದ್ದ ಗ್ಲಾಸಿನ ತಳದವರೆಗೂ ಚಮಚ ಇಳಿಸಿ ಕೆದಕುತ್ತ ಅಕ್ಕ, "ಹಲಸಿನ ಹಣ್ಣೊಂದು ಇಲ್ಲೆ ನೋಡು, ಮತ್ತೆಲ್ಲ ಇದ್ದು" ಎಂದಳು. ತಟ್ಟನೆ ನೆನಪಾದಂತೆ, "ಚಿಕ್ಕತ್ತೆಗೆ ಮೆತ್ತಗಿದ್ದ ಕೇಕು ಕಟ್ಟಿಸು ತಮಾ. ಪಾಪ, ಹಲ್ಲಿಲ್ಲೆ" ಎಂದಳು.

ಬೇಕರಿಗೆ ಹೋಗಿ ಕಟ್ಟಿಸಿಕೊಂಡು ಬಂದೆ.

ಸಂಜೆ ಮತ್ತೆ ದೇವಸ್ಥಾನದ ಮಾತು ತೆಗೆದಳು. ಬಸ್ಸು ತಪ್ಪುತ್ತದೆ ಎಂದೆ.

"ಬೆಳಿಗ್ಗೆ ದೋಸೆ ಅಡ್ಡ ಬಂತು, ಈಗ ಬಸ್ಸು" ಎಂದು ನನ್ನ ಮುಖ ನೋಡಿದಳು.

ಒಬ್ಬಳನ್ನೇ ಕಳಿಸಲಾಗದೆ ನಾನೂ ಬಸ್ಸು ಹತ್ತಿದೆ. ಅಕ್ಕನ ಊರಿನ ನಿಲ್ದಾಣದಲ್ಲಿ ಭಾವ ಒದ್ದೆ ತಲೆಯಲ್ಲಿ ನಿಂತಿದ್ದರು.

"ಚಿಕ್ಕಿ ಹೋತು. ನಿನ್ನ ದಾರಿ ನೋಡಿ ನೋಡಿ ಮಧ್ಯಾಹ್ನ ಸ್ಮಶಾನಕ್ಕೆ ಎತ್ತಿದ್ಯ. ಬೆಳಿಗ್ಗೆಯೇ ಅಂಗಡಿಗೆ ಫೋನ್ ಮಾಡಿ ಹೇಳಿದ್ದೆ. ನಿನ್ನ ತಮ್ಮಂಗೆ ಗೊತ್ತಾಯ್ದಿಲ್ಯ?"

ಅಕ್ಕ ನನ್ನತ್ತ ತಿರುಗಿದಳು. ಎರಡು ಸಲ ದೇವಸ್ಥಾನ ತಪ್ಪಿಸಿದ್ದು ಯಾಕೆಂದು ಅವಳಿಗೆ ಆಗ ಹೊಳೆದಿರಬೇಕು. ನಾನು ಬಾಯಿ ತೆರೆಯುವ ಮೊದಲೇ, "ಇಲ್ಲೆ, ಇವಂಗೆ ಯಾರೂ ಹೇಳಿದ್ವಿಲ್ಲೆ. ಬೆಳಿಗ್ಗೆಯೇ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ" ಎಂದಳು.

ಮನೆಯೊಳಗೆ ಹೋಗದೆ ನೇರ ಬಾವಿಕಟ್ಟೆಗೆ ನಡೆದಳು. ಉಟ್ಟ ಸೀರೆಯಲ್ಲೇ ಕೂತು ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತ ಅತ್ತಳು. ನಾನು ನೀರು ಸೇದಿ ಕೊಡುತ್ತಲೇ ಇದ್ದೆ.

ಅವಳ ಒಂದು ದಿನದ ಸಂತೋಷ ಕೆಡಬಾರದೆಂದು ಹಾಗೆ ಮಾಡಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನಿಜ ಬೇರೆ. ನಮ್ಮವರಿಲ್ಲದ ಪೇಟೆಯಲ್ಲಿ ವರ್ಷವಿಡೀ ಒಬ್ಬನೇ ಉಣ್ಣುತ್ತಿದ್ದವನು ನಾನು. ಎದುರಿಗೆ ಕೂತು ತಿನ್ನಲು ಅಕ್ಕ ನನಗೆ ಬೇಕಿತ್ತು.

ಫೋನಿನ ಸುದ್ದಿ ಮುಟ್ಟಿಸಲಿಲ್ಲವೆಂದು ಭಾವ ಈಗಲೂ ಸಾಹುಕಾರರನ್ನು ಬೈಯುತ್ತಾರೆ. ಆ ಮಾತು ಬಂದಾಗ ಅಕ್ಕ ಎದ್ದು ಒಳಗೆ ಹೋಗುತ್ತಾಳೆ. ನಾನು ಕೂತೇ ಇರುತ್ತೇನೆ.