ಬಳೆ ಹೆಚ್ಚಿಸಿಕೊಂಡು ಬಂದ ಮುಂಬಯಿ ಪ್ರಯಾಣ

ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲವದು. ಬೆಳಕು ಹರಿಯುತ್ತಲೇ ತಂಗಿ ಗಂಗವ್ವನನ್ನು ಅವಳ ಗಂಡ ಈರಪ್ಪನೂ ನಾನೂ ಎತ್ತಿ, ಗಜೇಂದ್ರಗಡದಲ್ಲಿ ರೋಣದ ಬಸ್ಸಿಗೆ ಕೂರಿಸಿದೆವು. ಅವಳ ಹೊಟ್ಟೆ ಉಬ್ಬಿದ್ದನ್ನು ಕಂಡು ನರಗುಂದದ ಬೀಗರು ಬಸಿರೆಂದು ಹಿಗ್ಗಿ, ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ಸೀಮಂತದ ಕುಬಸ ಮಾಡಿಬಿಟ್ಟಿದ್ದರು. ಎಲ್ಲಿಯ ಕೂಸು! ಹೊಟ್ಟೆಯಲ್ಲಿದ್ದದ್ದು ನೀರು. ಹೃದಯದ ಸುತ್ತಲಿನ ಪೊರೆ ದಪ್ಪಗಾಗಿ ಹೃದಯವನ್ನೇ ಬಿಗಿದಿದೆ, ಮುಂಬಯಿಗೆ ಒಯ್ದು ಅದನ್ನು ತೆಗೆಸಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು. ಎದೆ ಸೀಳುತ್ತಾರೆಂದು ಕೇಳಿದಂದಿನಿಂದ ನನಗೆ ಅನ್ನ ಸೇರಿರಲಿಲ್ಲ.

ರೋಣದಿಂದ ಗದಗಕ್ಕೆ ಬಂದು ರೈಲು ಹತ್ತಿದೆವು. ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ ಗಾಡಿ ಬದಲಾಯಿಸಿದೆವು. ಮಲಗಿದರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ದಾರಿಯುದ್ದಕ್ಕೂ ನನ್ನ ಹೆಗಲಿಗೆ ಒರಗಿಯೇ ಕುಳಿತಳು. ಡಾಕ್ಟರು ಉಪ್ಪು ಬಿಡಿಸಿದ್ದರಿಂದ ಬುತ್ತಿಯೆಲ್ಲ ಸಪ್ಪೆ.

"ಅಕ್ಕಾ, ಹ್ಯಾಂಗೂ ಸಾಯಾಕಿ ನಾ. ಒಂಚೂರು ಉಪ್ಪಿನಕಾಯಿ ಕೊಡ."

"ಬಾಯಿ ಮುಚ್ಚು! ಸುಡುಗಾಡ ಮಾತಾಡಬ್ಯಾಡ," ಎಂದು ಗದರಿ, ಕಿಟಕಿಯ ಕಡೆ ತಿರುಗಿ ಅತ್ತೆ.

ಮುಂಬಯಿ ದವಾಖಾನೆಯ ಸರ್ಜನ್ನರು ಏನನ್ನೂ ಮುಚ್ಚಿಡಲಿಲ್ಲ. ಪೊರೆ ಬಿಡಿಸುವಾಗ ಹೃದಯವೇ ಹರಿಯಬಹುದು, ಹಾಗೇ ಬಿಟ್ಟರಂತೂ ಹೇಗೂ ಉಳಿಯಲಾರಳು ಎಂದರು. ಪಕ್ಕದ ಮಂಚದ ಹೆಂಗಸು ಅದೇ ಆಪರೇಷನ್ನಿಗೆ ಹೋದವಳು ತಿರುಗಿ ಬರಲಿಲ್ಲ. ಆ ಮಂಚಕ್ಕೆ ಹೊಸ ಚಾದರ ಹಾಸಿದ್ದನ್ನು ಗಂಗವ್ವ ನೋಡುತ್ತಲೇ ಇದ್ದಳು.

ಅವಳ ಸರದಿ ಬಂತು. ಬಾತ ಕೈಯಿಂದ ಬಳೆ ಜಾರಲೊಲ್ಲವು. ಮಂಗಳೂರು ಕಡೆಯ ನರ್ಸು, "ಒಡೆಯುತ್ತೇನೆ," ಎಂದಳು. ಗಂಡ ಎದುರಿಗೇ ನಿಂತಿರುವಾಗ ಮುತ್ತೈದೆಯ ಬಳೆಗೆ ಅಂಥ ಮಾತೇ?

"ಒಡೀತೀನಿ ಅನಬ್ಯಾಡವಾ! ಬಳಿ ಹೆಚ್ಚಸ್ತೀನಿ ಅನ್ನು. ನಮ್ಮ ಕಡೆ ಹಿಂಗ ಅನಬೇಕು."

"ಆಯ್ತು ಅಕ್ಕ, ಹೆಚ್ಚಿಸ್ತೇನೆ," ಎಂದು ನಕ್ಕು ಒಡೆದಳು. ಚೂರುಗಳನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡೆ.

ಹೊರಗೆ ಬಾಕಿನ ಮೇಲೆ ಕುಳಿತೆವು. ಮಧ್ಯಾಹ್ನ ಬಾಗಿಲು ತೆರೆದು ಅದೇ ನರ್ಸು ಓಡಿ ಬಂದಳು.

"ಅಕ್ಕಾ, ಹೆಚ್ಚಿತು! ನಾಡಿ ಹೆಚ್ಚಿತು!"

ನಾಡಿಯೂ ಬಳೆಯ ದಾರಿ ಹಿಡಿಯಿತೆಂದುಕೊಂಡೆ. "ಅಯ್ಯೋ ನನ ತಂಗೀ!" ಎಂದು ಎದೆ ಬಡಿದುಕೊಂಡೆ. ಈರಪ್ಪ ಗೋಡೆ ಹಿಡಿದು ಕುಸಿದ. ನರ್ಸು ಗಾಬರಿಯಾಗಿ ನನ್ನ ಭುಜ ಅಲುಗಾಡಿಸಿದಳು.

"ಬದುಕಿದ್ದಾಳೆ ಅಕ್ಕ! ಬೆರಳಿಗೇ ಸಿಗದಿದ್ದ ನಾಡಿ ಈಗ ಜೋರಾಗಿ ಬಡೀತಾ ಉಂಟು."

ನಾನೇ ಕಲಿಸಿದ ಮಾತು ನನ್ನ ಜೀವ ತೆಗೆದಿತ್ತು.

ಮುಂದಿನ ವಾರಗಳಲ್ಲಿ ಹೊಟ್ಟೆಯ ನೀರು ಇಳಿಯಿತು, ಕಾಲಿನ ಬಾವು ಹೋಯಿತು. ಮರಳುವಾಗ ರೋಣದಲ್ಲಿ ಅವಳು ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಿದಳು. ಗಜೇಂದ್ರಗಡದ ಬಳೆಗಾರ ಸಣ್ಣ ಅಳತೆಯ ಬಳೆ ಇಟ್ಟ.

ಅಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿತ್ತಿಲಿನಿಂದ ಗಂಗವ್ವ ಕೂಗಿದಳು: "ಅಕ್ಕಾ, ಹೆಚ್ಚಾತು!"

ಹಿಟ್ಟಿನ ಕೈಯಲ್ಲೇ ಓಡಿದೆ. ಕೊಡಕ್ಕೆ ತಾಗಿ ಒಂದು ಬಳೆ ಹೋಗಿತ್ತು, ಅಷ್ಟೇ. ಆದರೂ ಅವಳ ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ.

"ಬಿಡ ಅಕ್ಕಾ, ಬಳಿ ಅಂದ್ನಿ ನಾ," ಎಂದು ನಕ್ಕಳು.

ನಾನು ಬಿಡಲಿಲ್ಲ.