ನೆರಳಿಗೆ ಮೇಲೆ ಬಂದ ಮೀನುಗಳು

ಮೇಡಂ ಕಣ್ಣೆದುರೇ ಮೀನುಗಳನ್ನು ಕೊಕ್ಕರೆ ಬಾಯಿಗೆ ಬಿಟ್ಟರು ಎಂಬ ಸಿಟ್ಟು ಮೀನಪ್ಪನಿಗೆ ಇವತ್ತಿಗೂ ಇಳಿದಿಲ್ಲ. ಆ ಮಾತು ಬಂದರೆ ಲೋಟ ಕುಕ್ಕಿ ಎದ್ದುಹೋಗುತ್ತಾನೆ.

ಮೇಡಂ ಸಾಮಾನ್ಯರಲ್ಲ. ಜೀವಿಗಳ ಗುಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತದೆಂದು ಜನ್ಮವಿಡೀ ನೋಡಿದ ವಿಜ್ಞಾನಿ. ಅವರು ಬರೆದದ್ದನ್ನು ಓದಿ ಎಲ್ಲೆಲ್ಲಿಯದೋ ಜನ ತಮ್ಮ ಕೆರೆ ಉಳಿಸಿಕೊಂಡದ್ದುಂಟು. ಹೊಳೆಯಲ್ಲಿ ಪೂರ್ತಿ ಅಳಿದಿದ್ದ ಬೆರಳುದ್ದದ ಒಂದು ಮೀನಿನ ಸಂತತಿಯನ್ನು ಅವರ ಸಂಶೋಧನಾಲಯದ ನೆಲಮಾಳಿಗೆಯ ತೊಟ್ಟಿಗಳಲ್ಲಿ ಹನ್ನೊಂದು ವರ್ಷ ಸಾಕಿದವನು ಮೀನಪ್ಪ. ಓದಿದ್ದು ನಾಲ್ಕನೇ ಕ್ಲಾಸು; ತೊಟ್ಟಿಯ ನೀರು ಕೆಟ್ಟಿದೆಯೋ ಇಲ್ಲವೋ ಮೂಸಿಯೇ ಹೇಳುತ್ತಿದ್ದ. “ನಾನು ಕರೆದ್ರೆ ಕಿವಿ ಕೇಳ್ಸಲ್ಲ, ಮೀನು ಬಾಲ ಅಲ್ಲಾಡ್ಸಿದ್ರೆ ಓಡ್ತೀರ” ಎಂದು ಹೆಂಡತಿ ಹಂಗಿಸುತ್ತಿದ್ದಳು.

ಮೇಡಂ ಹಾಕಿದ್ದ ಕಟ್ಟಪ್ಪಣೆ ಒಂದೇ: ಮೀನಿಗೆ ಮನುಷ್ಯ ಕಾಣಬಾರದು; ಪರದೆಯ ಹಿಂದೆ ನಿಂತು ಕೊಳವೆಯಲ್ಲಿ ಆಹಾರ ಬಿಡಬೇಕು. ಒಂದು ವಾರ ಹಾಗೆ ಮಾಡಿದ. ಆಮೇಲೆ ಮನಸ್ಸು ತಡೆಯಲಿಲ್ಲ. ಪರದೆ ಸರಿಸಿ, ತೊಟ್ಟಿಯ ಮೇಲೆ ಬಗ್ಗಿ, ಕೈಯಾರೆ ಉಣಿಸತೊಡಗಿದ. ಅವನ ನೆರಳು ಬಿದ್ದರೆ ಸಾಕು, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

ಹನ್ನೊಂದು ವರ್ಷ ತುಂಬಿದ ಮೇಲೆ, ಬಯಲಲ್ಲಿ ಅವಕ್ಕೆಂದೇ ತೋಡಿಸಿದ ಹೊಸ ಕೊಳಕ್ಕೆ ಎಪ್ಪತ್ತೆರಡು ಮೀನು ಬಿಟ್ಟರು. ಅರ್ಧ ಗಂಟೆಯೂ ಆಗಿರಲಿಲ್ಲ, ದಡದ ಕಲ್ಲಿಗೆ ಕೊಕ್ಕರೆಯೊಂದು ಬಂದು ಕೂತಿತು. ಅದರ ನೆರಳು ನೀರಿಗೆ ಬಿತ್ತು. ಮೀನುಗಳು ಗುಂಪಾಗಿ ಮೇಲೆದ್ದವು. ಕೊಕ್ಕು ಇಳಿಯಿತು, ಮತ್ತೆ ಇಳಿಯಿತು. ಮೀನಪ್ಪ ಕಲ್ಲು ಬೀರಿ ಓಡಿಸಿದ. ಹೋದದ್ದು ಜೊತೆಗೆ ಇನ್ನೆರಡನ್ನು ಕರೆತಂದಿತು. ಅವನು ಬಲೆ ಹಿಡಿದು ಮೊಣಕಾಲುದ್ದ ನೀರಿಗಿಳಿದ.

ಮೇಡಂ ಅವನ ತೋಳು ಹಿಡಿದರು. “ಯಾಕೆ ನೆರಳಿಗೆ ಮೇಲೆ ಬರ್ತಿವೆ? ನೀವೇನಾದ್ರೂ ಅಭ್ಯಾಸ ಮಾಡ್ಸಿದ್ರಾ? ಕಲಿಸಿದ್ದಾದ್ರೆ ಈಗ್ಲೇ ಬಲೆ ಹಾಕಿ ವಾಪಸ್ ತಗೊಂಡ್ಹೋಗೋಣ, ಮರೆಸ್ಬಹುದು. ರಕ್ತದಲ್ಲೇ ಬಂದಿದ್ರೆ ತೊಟ್ಟಿಗೆ ಹಾಕಿ ಪ್ರಯೋಜನ ಇಲ್ಲ. ನೆರಳಿಗೆ ಹೆದರೋ ಮೀನಷ್ಟೇ ಉಳಿದು ಮರಿ ಮಾಡ್ಲಿ.”

ಹೌದು ಎಂದರೆ ನೆಲಮಾಳಿಗೆಯ ಬೀಗದ ಕೈ ಬೇರೆಯವರ ಪಾಲು.

“ನಾನೇನ್ ಕಲಿಸ್ಲಿ ಮೇಡಂ. ಪರದೆ ಸರಿಸಿದ್ದೇ ಇಲ್ಲ. ಅವುಗಳ ಗುಣಾನೇ ಹಾಗೆ.”

ಮೇಡಂ ಅವನ ಮುಖವನ್ನೇ ನೋಡಿದರು. ನಂಬಿದರು. “ಹಾಗಾದ್ರೆ ಬಲೆ ಕೆಳಗಿಡಿ.”

ಇಟ್ಟ. ಮೂರು ದಿನ ದಡದಲ್ಲಿ ಕೂತು ಒಂದೊಂದೇ ಹೋಗುವುದನ್ನು ನೋಡಿದ. ಮೂರನೆಯ ದಿನ, ನೀವು ಮನುಷ್ಯರೇ ಅಲ್ಲ ಎಂದು ಎಲ್ಲರೆದುರು ಮೇಡಂ ಮೇಲೆ ಹರಿಹಾಯ್ದ.

ಉಳಿದದ್ದು ಒಂಬತ್ತು. ಮರುವರ್ಷ ಕೊಳದ ತುಂಬ ಮರಿಗಳಿದ್ದವು. ನೆರಳು ಕಂಡರೆ ಕೆಸರಿಗೆ ಇಳಿಯುತ್ತಿದ್ದವು. ತೊಟ್ಟಿಯಲ್ಲಿ ಹುಟ್ಟಿದ ಜೀವಕ್ಕೆ ಹೆದರಿಕೆ ರಕ್ತದಿಂದಲೇ ಹೋಗುತ್ತದೆ ಎಂದು ಮೇಡಂ ಬರೆದರು; ಸಾಕಿದವನ ಮಾತೇ ಸಾಕ್ಷಿ ಎಂದೂ ಬರೆದರು. ಅದನ್ನೋದಿ ಬೇರೆ ಕಡೆಯವರೂ ಮೀನು ಬಿಟ್ಟು, ಕೊಕ್ಕರೆ ಓಡಿಸದೆ ಕೈಕಟ್ಟಿ ನಿಲ್ಲತೊಡಗಿದರು.

ಕೊನೆಯ ಸಲ ಮೇಡಂ ಗಾಲಿಕುರ್ಚಿಯಲ್ಲಿ ಕೊಳದ ಹತ್ತಿರ ಬಂದರು. ನಿಮ್ಮ ಋಣ ನನ್ನ ಮೇಲಿದೆ ಎಂದು ಅವನ ಕೈ ಹಿಡಿದರು. ಇವತ್ತು ನಿಜ ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದ ಮೀನಪ್ಪ, ಈ ವರ್ಷ ನೀರು ಚೆನ್ನಾಗಿದೆ ಎಂದ. ಎರಡು ತಿಂಗಳಲ್ಲಿ ಅವರು ತೀರಿಕೊಂಡರು.